ಕಣ್ಣು ಮೊದಲು, ಅಂಗಡಿ ಆಮೇಲೆ: ಬಯಲುಸೀಮೆಯಲ್ಲಿ ಜಲವರ್ಣಕ್ಕೆ ಸಿದ್ಧತೆ

ಜಲವರ್ಣ ಕಲಿಯಬೇಕೆಂದು ಮನಸ್ಸು ಮಾಡಿದವರು ಸಾಮಾನ್ಯವಾಗಿ ಅದೇ ವಾರ ಅಂಗಡಿಗೆ ಹೋಗಿ ಮೂವತ್ತಾರು ಬಣ್ಣಗಳ ಒಂದು ಪೆಟ್ಟಿಗೆ, ಡಜನ್ ಕುಂಚಗಳ ಒಂದು ಕಟ್ಟು ಮತ್ತು ಶಾಲಾ ಮಕ್ಕಳ ಒಂದು ಡ್ರಾಯಿಂಗ್ ಪುಸ್ತಕ ಕೊಂಡು ಬರುತ್ತಾರೆ. ಮನೆಗೆ ಬಂದ ಮೇಲೆ ಏನು ಬರೆಯುವುದೆಂದು ತೋಚುವುದಿಲ್ಲ. ಮೊಬೈಲಿನಲ್ಲಿ ಸಿಕ್ಕ ಯಾವುದೋ ಹಿಮಪರ್ವತವನ್ನು ಎದುರಿಗಿಟ್ಟುಕೊಂಡು ನಕಲು ಶುರುವಾಗುತ್ತದೆ. ಚಿಕ್ಕಬಳ್ಳಾಪುರದ ಮನೆಯ ಜಗಲಿಯ ಮೇಲೆ ಕುಳಿತು ಸ್ವಿಟ್ಜರ್ಲೆಂಡಿನ ಸರೋವರ ಬರೆದವರಲ್ಲಿ ನಾನೂ ಒಬ್ಬ. ಆ ಪೆಟ್ಟಿಗೆಯ ಬಣ್ಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಚ್ಚಳ ತೆರೆಯದೆಯೇ ಟ್ಯೂಬಿನೊಳಗೆ ಕಲ್ಲಾದವು, ಏಕೆಂದರೆ ನಮ್ಮ ಬೆಟ್ಟ, ಹೊಲ, ಕೆರೆಯಂಗಳಗಳಲ್ಲಿ ಅವಕ್ಕೆ ಕೆಲಸವೇ ಇರಲಿಲ್ಲ. ಆದ್ದರಿಂದ ಇಲ್ಲಿ ಸೂಚಿಸುವ ಕ್ರಮ ತಿರುಗುಮುರುಗಾದದ್ದು: ಮೊದಲ ಮೂರು ವಾರ ಬರಿಯ ಪೆನ್ಸಿಲ್ ಹಿಡಿದು ಊರು ನೋಡುವುದು, ಆ ಟಿಪ್ಪಣಿಗಳು ಕೇಳಿದ ಸಾಮಗ್ರಿಯನ್ನಷ್ಟೇ ಆಮೇಲೆ ಕೊಳ್ಳುವುದು.

ಮೊದಲ ಹೆಜ್ಜೆ: ಟಿಪ್ಪಣಿ ಪುಸ್ತಕ

ಅಂಗೈಗಿಂತ ಸ್ವಲ್ಪ ದೊಡ್ಡದಾದ, ಗೆರೆಯಿಲ್ಲದ ಒಂದು ಪುಸ್ತಕ ಮತ್ತು 2ಬಿ ಅಥವಾ 4ಬಿ ಪೆನ್ಸಿಲ್ ಸಾಕು. ಇವುಗಳ ಜೊತೆಗೆ ಹಳೆಯ ಮದುವೆ ಪತ್ರಿಕೆಯ ದಪ್ಪ ರಟ್ಟಿನಿಂದ ಇಂಗ್ಲಿಷಿನ ‘ಎಲ್’ ಆಕಾರದ ಎರಡು ತುಂಡುಗಳನ್ನು ಕತ್ತರಿಸಿಕೊಳ್ಳಿ. ಒಂದರ ಮೇಲೊಂದನ್ನು ಇಟ್ಟು ಹಿಡಿದರೆ ಬೇಕಾದಂತೆ ಹಿಗ್ಗುವ, ಕುಗ್ಗುವ ಕಿಟಕಿಯೊಂದು ಸಿಗುತ್ತದೆ. ನಮ್ಮ ಸೀಮೆಯ ನೋಟಗಳು ವಿಸ್ತಾರವಾದವು. ಎಡದಿಂದ ಬಲಕ್ಕೆ ಬೆಟ್ಟದ ಸಾಲು ಹರಡಿಕೊಂಡಿರುವಾಗ ಎಲ್ಲಿ ಕತ್ತರಿಸಬೇಕೆಂಬುದು ಈ ಕಿಟಕಿಯಿಲ್ಲದೆ ಹೊಸಬರಿಗೆ ತಿಳಿಯುವುದು ಕಷ್ಟ.

ಪ್ರತಿ ನೋಟಕ್ಕೂ ಬೆಂಕಿಪೊಟ್ಟಣದಷ್ಟು ಗಾತ್ರದ ಪುಟ್ಟ ಚಿತ್ರವನ್ನು ಮೂರೇ ಛಾಯೆಗಳಲ್ಲಿ ಹಾಕಿ: ಕಾಗದದ ಬಿಳುಪು, ನಡುವಿನ ಬೂದು, ಗಾಢ ಕಪ್ಪು. ಎಲೆ, ಕೊಂಬೆ, ಕಿಟಕಿಯ ಸರಳುಗಳ ಗೋಜಿಗೆ ಹೋಗಬೇಡಿ. ಜಲವರ್ಣದಲ್ಲಿ ಬಿಳಿ ಎಂದರೆ ಬಣ್ಣ ಹಚ್ಚದೆ ಉಳಿಸಿದ ಕಾಗದ. ಎಲ್ಲಿ ಉಳಿಸಬೇಕೆಂಬುದನ್ನು ಕುಂಚ ಮುಟ್ಟುವ ಮೊದಲೇ ತೀರ್ಮಾನಿಸಬೇಕಾಗುತ್ತದೆ, ಆ ತೀರ್ಮಾನಕ್ಕೆ ಈ ಮೂರು ಛಾಯೆಗಳ ಅಭ್ಯಾಸಕ್ಕಿಂತ ಒಳ್ಳೆಯ ತಾಲೀಮನ್ನು ನಾನು ಕಂಡಿಲ್ಲ. ಚಿತ್ರದ ಪಕ್ಕದಲ್ಲಿ ಗಂಟೆ, ಬಿಸಿಲು ಬೀಳುವ ದಿಕ್ಕು, ಮತ್ತು ಕಣ್ಣಿಗೆ ಕಂಡ ಬಣ್ಣವನ್ನು ಮನೆಮಾತಿನಲ್ಲಿ ಬರೆದುಕೊಳ್ಳಿ. ‘ಕಂದು’ ಎಂದು ಬರೆದರೆ ಪ್ರಯೋಜನವಿಲ್ಲ. ‘ಹುರಿದ ಹುರುಳಿ’, ‘ಹಳಸಿದ ಕಾಫಿ’, ‘ಬೆಲ್ಲದ ಅಚ್ಚಿನ ಒಳಭಾಗ’ ಎಂದು ಬರೆದದ್ದು ಆರು ತಿಂಗಳ ನಂತರವೂ ಕಣ್ಣೆದುರಿಗೆ ಬಂದು ನಿಲ್ಲುತ್ತದೆ.

ಮೊಬೈಲಿನ ಫೋಟೊ ಬೇಡವೆನ್ನುವುದಿಲ್ಲ. ಆದರೆ ಅದು ನೆರಳನ್ನು ಕಪ್ಪಾಗಿಸುತ್ತದೆ, ಬಿಸಿಲಿನ ಆಕಾಶವನ್ನು ಸುಟ್ಟು ಬಿಳಿ ಮಾಡುತ್ತದೆ. ಬಂಡೆಯ ನೆರಳಿನ ಭಾಗದಲ್ಲಿ ನೆಲದ ಕೆಂಪು ಪ್ರತಿಫಲಿಸಿ ಉಂಟಾಗುವ ಬೆಚ್ಚನೆಯ ನೇರಳೆ ಛಾಯೆ ಕಣ್ಣಿಗೆ ಕಾಣುತ್ತದೆ, ಫೋಟೊದಲ್ಲಿ ಬಹುಮಟ್ಟಿಗೆ ಸಿಗುವುದಿಲ್ಲ. ಫೋಟೊವನ್ನು ಕಂಬಗಳ ಎಣಿಕೆಗೆ, ಗೋಪುರದ ಅಳತೆಗೆ ಬಳಸಿ. ಬಣ್ಣಕ್ಕೆ ನಿಮ್ಮ ಟಿಪ್ಪಣಿಯನ್ನೇ ನಂಬಿ.

ಎರಡನೆಯ ಹೆಜ್ಜೆ: ನೋಟಗಳನ್ನು ಹುಡುಕುವುದು

ನಂದಿಬೆಟ್ಟದಿಂದ ಶುರು ಮಾಡೋಣವೆಂದು ಎಲ್ಲರಿಗೂ ಅನ್ನಿಸುತ್ತದೆ. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ಆ ಬೆಟ್ಟದ ಮೇಲೆ ಭಾನುವಾರ ಬೆಳಗ್ಗೆ ಕಾಲಿಡಲೂ ಜಾಗವಿರುವುದಿಲ್ಲ. ಇದ್ದರೂ, ಬೆಟ್ಟದ ಮೇಲೆ ನಿಂತವರಿಗೆ ಬೆಟ್ಟ ಕಾಣುವುದಿಲ್ಲ. ಅದರ ಬದಲು ತಪ್ಪಲಿನ ನಂದಿ ಗ್ರಾಮಕ್ಕೆ ಹೋಗಿ. ಬೆಟ್ಟ ಅಲ್ಲಿಂದ ನೈಋತ್ಯಕ್ಕಿದೆ. ಆದ್ದರಿಂದ ಬೆಳಗಿನ ಬಿಸಿಲು ನೇರವಾಗಿ ಬಂಡೆಯ ಮುಖಕ್ಕೆ ಬಿದ್ದು, ಅದರ ಮೇಲೆ ಮಳೆನೀರು ಹರಿದು ಮೂಡಿದ ಉದ್ದುದ್ದ ಕರಿಯ ಗೀರುಗಳೂ ಸೀಳುಗಳಲ್ಲಿ ಬೆಳೆದ ಪೊದೆಗಳೂ ಒಂದೊಂದಾಗಿ ಎಣಿಸುವಂತೆ ಕಾಣುತ್ತವೆ. ಸಂಜೆ ಸೂರ್ಯ ಬೆಟ್ಟದ ಹಿಂದಕ್ಕೆ ಸರಿದಾಗ ಅದೇ ಬೆಟ್ಟ ವಿವರಗಳನ್ನೆಲ್ಲ ಕಳೆದುಕೊಂಡು ಒಂದೇ ಬಳಿತದ ನೀಲಿ ಆಕೃತಿಯಾಗುತ್ತದೆ. ಹೊಸಬರು ಸಂಜೆಯ ಬೆಟ್ಟದಿಂದ ಆರಂಭಿಸುವುದು ಒಳ್ಳೆಯದು. ಮೂರು ತಿಳಿ ಲೇಪಗಳಲ್ಲಿ ಅದು ಮುಗಿಯುತ್ತದೆ.

ಅದೇ ಊರಿನ ಭೋಗನಂದೀಶ್ವರ ದೇವಾಲಯದ ಮೂಲ 9ನೇ ಶತಮಾನದ್ದು. ಹೊಸ ಕಲಾವಿದರು ಅಲ್ಲಿಗೆ ಹೋದೊಡನೆ ಕಲ್ಯಾಣಮಂಟಪದ ಕೆತ್ತನೆಯ ಕಂಬಗಳೆದುರು ಕುಳಿತು ಎರಡು ಗಂಟೆಯಲ್ಲಿ ಸೋತು ಎದ್ದುಬರುತ್ತಾರೆ. ನನ್ನ ಸಲಹೆ ಹಿಂಭಾಗದ ಕಲ್ಯಾಣಿ, ಶೃಂಗಿ ತೀರ್ಥ. ಮೆಟ್ಟಿಲುಗಳ ಒಂದು ಮೂಲೆಯನ್ನಷ್ಟೇ ರಟ್ಟಿನ ಕಿಟಕಿಯೊಳಗೆ ಹಿಡಿದು ನೋಡಿ. ಪ್ರತಿ ಮೆಟ್ಟಿಲಿನ ಮೇಲ್ಮೈ ಆಕಾಶದ ಬೆಳಕನ್ನು ಪಡೆದು ತಿಳಿಯಾಗಿದೆ, ನಿಂತ ಮುಖ ಒಂದು ಛಾಯೆ ಗಾಢವಾಗಿದೆ. ನೀರಿನ ಸಮೀಪದ ಒಂದೆರಡು ಮೆಟ್ಟಿಲುಗಳು ಒದ್ದೆಯಾಗಿ ಹಸಿರುಗಪ್ಪಾಗಿವೆ. ಅದರ ಕೆಳಗೆ ಇದೇ ಮೆಟ್ಟಿಲುಗಳು ನೀರಿನಲ್ಲಿ ತಲೆಕೆಳಗಾಗಿ, ಆದರೆ ಬೆಳಕು ನೆರಳಿನ ಅಂತರ ಕಡಿಮೆಯಾಗಿ ಕಾಣುತ್ತವೆ. ಒಣಗಿದ ಕಲ್ಲು, ಒದ್ದೆ ಕಲ್ಲು, ಕಲ್ಲಿನ ಬಿಂಬ ಎಂಬ ಮೂರು ಪಾಠಗಳು ಎರಡು ಅಡಿ ಅಗಲದಲ್ಲಿ ಸಿಗುತ್ತವೆ. ಪೂಜೆಗೆ ಬರುವವರ ದಾರಿ ಬಿಟ್ಟು ಕುಳಿತುಕೊಳ್ಳಿ, ಕುಂಚವನ್ನು ಕಲ್ಯಾಣಿಯಲ್ಲಿ ಅದ್ದಬೇಡಿ.

ದೇವಾಲಯ, ಬೆಟ್ಟಗಳಷ್ಟೇ ವಸ್ತುವಲ್ಲ. ಶಿಡ್ಲಘಟ್ಟದ ಕಡೆಯ ಯಾವುದೇ ರೇಷ್ಮೆ ಹುಳುಮನೆಯಲ್ಲಿ ಗೋಡೆಗೆ ಒರಗಿಸಿಟ್ಟ ಚಂದ್ರಿಕೆಯನ್ನು, ಅಂದರೆ ಹುಳುಗಳು ಗೂಡು ಕಟ್ಟುವ ಬಿದಿರಿನ ತಟ್ಟಿಯನ್ನು, ಹತ್ತಿರದಿಂದ ನೋಡಿ. ಬಿದಿರಿನ ಪಟ್ಟಿ ಸುರುಳಿ ಸುರುಳಿಯಾಗಿ ಒಳಕ್ಕೆ ಸುತ್ತಿಕೊಂಡು ಹೋಗುತ್ತದೆ, ಆ ಸುರುಳಿಯ ಸಂದುಗಳಲ್ಲಿ ಗೂಡುಗಳು ಕೂತಿರುತ್ತವೆ. ದ್ವಿತಳಿಯ ಗೂಡಾದರೆ ಬಿಳಿ, ಮಿಶ್ರತಳಿಯದಾದರೆ ನಿಂಬೆಯ ತಿಳಿಹಳದಿ. ಬಿಳಿಯ ಗೂಡನ್ನು ಬಿಳಿಯ ಕಾಗದದ ಮೇಲೆ ಬರೆಯುವುದೆಂದರೆ ಗೂಡನ್ನು ಬಿಟ್ಟು ಅದರ ಸುತ್ತಲಿನ ನೆರಳನ್ನು ಬರೆಯುವುದು, ಮತ್ತು ಗೂಡಿನ ಒಂದು ಬದಿಗೆ ಬೂದುನೀಲಿಯ ತೆಳುವಾದ ಒಂದು ಎಳೆ ಕೊಡುವುದು. ಹುಳುಗಳಿಗೆ ವಾಸನೆ, ಸೋಂಕು ಆಗದಂತೆ ರೈತರು ಬಹಳ ಎಚ್ಚರ ವಹಿಸುತ್ತಾರೆ. ಹುಳು ಹಣ್ಣಾಗಿ ಗೂಡು ಕಟ್ಟಿ ಮುಗಿದ ಮೇಲೆ, ಅವರ ಅನುಮತಿ ಪಡೆದೇ ಒಳಗೆ ಹೋಗಿ.

ವರ್ಷದ ಯಾವ ಕಾಲಕ್ಕೆ ಏನು ಸಿಗುತ್ತದೆಂಬುದನ್ನು ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟುಕೊಂಡರೆ ಅನುಕೂಲ. ನವೆಂಬರ್, ಡಿಸೆಂಬರಿನಲ್ಲಿ ರಾಗಿ ಕೊಯ್ಲು, ಕಣ, ಬಣವೆಗಳು. ಬೆಳಗಿನ ಮಂಜೂ ಆಗಲೇ. ಫೆಬ್ರವರಿ, ಮಾರ್ಚಿನಲ್ಲಿ ಎಲೆಯಿಲ್ಲದ ಕೊಂಬೆಗಳ ಮೇಲೆ ಮುತ್ತುಗ, ಅದರ ಬೆನ್ನಿಗೆ ಹೊಂಗೆಯ ಹೊಸ ಚಿಗುರು. ಆ ಎಳೆಹಸಿರು ಹದಿನೈದು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ, ಕಾಯುತ್ತ ಕುಳಿತರೆ ತಪ್ಪಿಹೋಗುತ್ತದೆ. ದ್ರಾಕ್ಷಿ ಚಪ್ಪರದ ಕೆಳಗಿನ ನೆರಳು ಬೆಳಕು ಬಿಸಿಲುಗಾಲದ ಮಧ್ಯಾಹ್ನಕ್ಕೆ ಹೇಳಿಮಾಡಿಸಿದ ವಸ್ತು: ಎಲೆಯನ್ನು ಕೆಳಗಿನಿಂದ ನೋಡಿದಾಗ ಬಿಸಿಲು ಅದರ ಮೂಲಕ ಹಾದು ಹಳದಿ ಹಸಿರಾಗಿಯೂ, ಒಂದರ ಮೇಲೊಂದು ಎಲೆ ಬಿದ್ದ ಕಡೆ ಗಾಢವಾಗಿಯೂ ಕಾಣುತ್ತದೆ. ಜಲವರ್ಣದಲ್ಲಿ ಲೇಪದ ಮೇಲೆ ಲೇಪ ಕೊಡುವ ವಿಧಾನವೂ ಇದೇ ಆಗಿರುವುದರಿಂದ ಚಪ್ಪರ ತನ್ನನ್ನು ತಾನೇ ಬರೆಸಿಕೊಳ್ಳುತ್ತದೆ.

ಕೋಲಾರದ ಕಡೆಯವರಿಗೆ ಅಂತರಗಂಗೆಯ ಗುಂಡುಬಂಡೆಗಳು, ಆವನಿಯ ಬೆಟ್ಟ, ಶ್ರೀನಿವಾಸಪುರದ ಮಾವಿನ ತೋಪುಗಳು ಕೈಗೆಟುಕುವ ದೂರದಲ್ಲಿವೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತೇ ಹೊರತು ಬಂಡೆಗಳ ಬಣ್ಣ ಎರಡೂ ಕಡೆ ಒಂದೇ. ಬೇರೆಯಾಗಿ ಕಾಣುವುದು ಕೆ.ಜಿ.ಎಫ್. ಮಾತ್ರ: 2001ರಲ್ಲಿ ಮುಚ್ಚಿದ ಚಿನ್ನದ ಗಣಿಗಳ ತ್ಯಾಜ್ಯದ ದಿಬ್ಬಗಳು, ಮಳೆಗೆ ಕೊರೆದು ಮಡಿಕೆ ಮಡಿಕೆಯಾಗಿ, ಮಾಸಲು ಹಳದಿ ಬೂದಿನಲ್ಲಿ ನಿಂತಿವೆ. ದೂರದಿಂದ ಬರೆಯಲು ಅದಕ್ಕಿಂತ ವಿಚಿತ್ರವಾದ ವಸ್ತು ಈ ಭಾಗದಲ್ಲಿ ಇಲ್ಲ. ಹತ್ತಿರ ಹೋಗಿ ದೂಳು ಸೇವಿಸುವುದು ಬೇಡ. ಅದು ಸಯನೈಡ್ ಬಳಸಿ ಚಿನ್ನ ತೆಗೆದ ಪುಡಿ.

ಒಂದು ದಿನವನ್ನು ಬೆಂಗಳೂರಿಗೆ ಮೀಸಲಿಡಿ. ಅಚ್ಚಿನಲ್ಲಿ, ಪರದೆಯ ಮೇಲೆ ನೋಡಿದ ಜಲವರ್ಣಕ್ಕೂ ಮೂಲಕ್ಕೂ ಅಜಗಜಾಂತರ. ಕಾಗದದ ಕಣಗಳಲ್ಲಿ ಬಣ್ಣ ಹೇಗೆ ಕೂತಿದೆ ಎಂಬುದನ್ನು ಮೂಲದಲ್ಲಿ ಮಾತ್ರ ಕಾಣಬಹುದು. ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತ ಕೆ. ವೆಂಕಟಪ್ಪನವರು (1886–1965) ಊಟಿ, ಕೊಡೈಕನಾಲ್‌ಗಳ ಮಂಜು ಮತ್ತು ಇಳಿಬಿಸಿಲನ್ನು ಜಲವರ್ಣದಲ್ಲಿ ಹಿಡಿದವರು. ಕಸ್ತೂರಬಾ ರಸ್ತೆಯ ಕಲಾಗ್ಯಾಲರಿಗೆ ಅವರದೇ ಹೆಸರಿದೆ. ಹೊರಡುವ ಮೊದಲು ಅವರ ಕೃತಿಗಳು ಪ್ರದರ್ಶನದಲ್ಲಿವೆಯೇ ಎಂದು ವಿಚಾರಿಸಿ. ವರ್ಷದ ಆರಂಭದಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯಲ್ಲಂತೂ ಬರೆದವರನ್ನೇ ನಿಲ್ಲಿಸಿ ಯಾವ ಕಾಗದ, ಯಾವ ನೀಲಿ ಎಂದು ಕೇಳಬಹುದು. ಬಹಳ ಮಂದಿ ಸಂತೋಷದಿಂದ ಹೇಳುತ್ತಾರೆ.

ಮೂರನೆಯ ಹೆಜ್ಜೆ: ಕಾಗದ

ಕೈಯಲ್ಲಿರುವ ಹಣದ ಅರ್ಧವನ್ನು ಕಾಗದಕ್ಕೆ ತೆಗೆದಿಡಿ. ಅಗ್ಗದ ಬಣ್ಣವನ್ನು ಒಳ್ಳೆಯ ಕಾಗದ ಎಷ್ಟೋ ಮಟ್ಟಿಗೆ ಎತ್ತಿ ತೋರಿಸುತ್ತದೆ. ಕೆಟ್ಟ ಕಾಗದದ ಮೇಲೆ ಎಂಥ ದುಬಾರಿ ಬಣ್ಣವೂ ಮಂಕಾಗುತ್ತದೆ, ಮತ್ತು ತಪ್ಪು ತನ್ನದೋ ಕಾಗದದ್ದೋ ಎಂದು ಕಲಿಯುವವರಿಗೆ ತಿಳಿಯುವುದೇ ಇಲ್ಲ.

ನೋಡಬೇಕಾದದ್ದು ಮೂರು. ಮೊದಲನೆಯದು ತೂಕ: ಚದರ ಮೀಟರಿಗೆ 300 ಗ್ರಾಂ, ಅಂದರೆ 300 ಜಿ.ಎಸ್.ಎಂ. ಇರಲಿ. 200ರ ಕಾಗದ ನೀರು ಬಿದ್ದೊಡನೆ ಹಪ್ಪಳದಂತೆ ಏಳುತ್ತದೆ, ತಗ್ಗಿನಲ್ಲೆಲ್ಲ ಬಣ್ಣ ಮಡುಗಟ್ಟುತ್ತದೆ. ಎರಡನೆಯದು ನಾರು: ನೂರಕ್ಕೆ ನೂರು ಹತ್ತಿಯದು ಉತ್ತಮ. ಮರದ ತಿರುಳಿನ ಕಾಗದ ಅಭ್ಯಾಸಕ್ಕೆ ಸಾಕು, ಆದರೆ ಒದ್ದೆ ಕುಂಚದಿಂದ ನಾಲ್ಕು ಸಲ ಉಜ್ಜಿದರೆ ಅದರ ಮೈಯಿಂದ ಪುಡಿ ಪುಡಿಯಾಗಿ ಎಳೆ ಏಳುತ್ತದೆ. ಮೂರನೆಯದು ಮೇಲ್ಮೈ: ನುಣುಪಾದ ಹಾಟ್ ಪ್ರೆಸ್, ಮಧ್ಯಮ ಒರಟಿನ ಕೋಲ್ಡ್ ಪ್ರೆಸ್, ಪೂರಾ ಒರಟಾದ ರಫ್ ಎಂದು ಮೂರು ಬಗೆ. ಹೂವು, ಗೂಡುಗಳಂಥ ಸೂಕ್ಷ್ಮ ವಸ್ತುಗಳೇ ಪುಸ್ತಕದ ತುಂಬ ಇದ್ದರೆ ಹಾಟ್ ಪ್ರೆಸ್ ಕೊಳ್ಳಿ. ನಮ್ಮ ಬಂಡೆಗಳಿಗೆ ಕೋಲ್ಡ್ ಪ್ರೆಸ್ ಅಥವಾ ರಫ್ ಚೆನ್ನ. ಅರೆ ಒಣಗಿದ ಕುಂಚವನ್ನು ಓರೆಯಾಗಿ ಹಿಡಿದು ಎಳೆದರೆ ಬಣ್ಣ ಕಾಗದದ ಉಬ್ಬುಗಳಿಗೆ ಮಾತ್ರ ಹತ್ತಿ, ತಗ್ಗುಗಳು ಬಿಳಿಯಾಗಿಯೇ ಉಳಿದು, ಕರಿಕಲ್ಲಿನ ಒರಟು ತಾನಾಗಿಯೇ ಬಂದುಬಿಡುತ್ತದೆ.

ಪ್ಯಾಡುಗಳಿಗಿಂತ ಪೂರ್ತಿ ಹಾಳೆ ಅಗ್ಗ. 22×30 ಇಂಚಿನ ಒಂದು ಹಾಳೆಯನ್ನು ಉದ್ದದಲ್ಲಿ ನಾಲ್ಕು, ಅಗಲದಲ್ಲಿ ಎರಡು ಭಾಗ ಮಾಡಿದರೆ 7.5×11 ಇಂಚಿನ ಎಂಟು ತುಂಡುಗಳು ಬರುತ್ತವೆ. ಹೊರಾಂಗಣದ ಚಿತ್ರಕ್ಕೆ ಆ ಗಾತ್ರ ಧಾರಾಳ. ಮಡಿಸಿ, ಮಡಿಕೆಯನ್ನು ಉಗುರಿನಿಂದ ಗೀರಿ, ಸ್ಕೇಲಿನ ಅಂಚಿಗೆ ಹರಿಯಿರಿ. ನಮ್ಮ ದೇಶದ ಕೈಕಾಗದ ನೋಡಲು ಬಹಳ ಚಂದ, ಆದರೆ ನೀರನ್ನು ಬೇಗ ಹೀರದಂತೆ ಅದಕ್ಕೆ ಹಾಕಿದ ಅಂಟಿನ ಪ್ರಮಾಣ ಒಂದೊಂದು ತಯಾರಿಕೆಯಲ್ಲಿ ಒಂದೊಂದು ರೀತಿ ಇರುತ್ತದೆ. ಮೂಲೆಯಲ್ಲಿ ಒಂದು ಹನಿ ನೀರು ಇಟ್ಟು ನೋಡಿ: ಹನಿ ಒಂದು ನಿಮಿಷ ದುಂಡಗೆ ನಿಂತರೆ ಕೊಳ್ಳಬಹುದು, ಒರೆಸುವ ಕಾಗದದಂತೆ ತಕ್ಷಣ ಹೀರಿಕೊಂಡರೆ ಬೇಡ. ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿಡಿ. ಮಳೆಗಾಲದ ತೇವಕ್ಕೆ ಈ ಅಂಟು ಕೆಟ್ಟರೆ ಬಣ್ಣ ಮಚ್ಚೆ ಮಚ್ಚೆಯಾಗಿ ಕೂರುತ್ತದೆ.

ನಾಲ್ಕನೆಯ ಹೆಜ್ಜೆ: ಏಳು ಬಣ್ಣ

ಕೆಲವು ವರ್ಷಗಳ ಹಿಂದೆ ಕಾಗದದ ಹೂವಿನ ಬಳ್ಳಿಯೊಂದನ್ನು ಹೊಳೆಯುವ ಗುಲಾಬಿ ಬಣ್ಣದಲ್ಲಿ ಬರೆದು, ಚೌಕಟ್ಟು ಹಾಕಿಸಿ, ಕಿಟಕಿಯ ಎದುರಿನ ಗೋಡೆಗೆ ತೂಗುಹಾಕಿದ್ದೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಎಲೆಗಳು ಉಳಿದು ಹೂವುಗಳು ಹೋಗಿದ್ದವು. ಟ್ಯೂಬಿನ ಮೇಲೆ ಬಣ್ಣದ ಸಂಕೇತವನ್ನೇ ಮುದ್ರಿಸಿರಲಿಲ್ಲ, ನಾನೂ ಹುಡುಕಿರಲಿಲ್ಲ. ಅಂದಿನಿಂದ ಟ್ಯೂಬಿನ ಹೆಸರಿಗಿಂತ ಅದರ ಹಿಂಬದಿಯ ಚಿಕ್ಕ ಅಕ್ಷರಗಳನ್ನು ಮೊದಲು ಓದುತ್ತೇನೆ. ಹೆಸರು ಕಂಪನಿಯ ಇಷ್ಟ; ಸಂಕೇತ ಒಳಗಿರುವ ವರ್ಣದ್ರವ್ಯವನ್ನು ಹೇಳುತ್ತದೆ. ಪಿಆರ್ 83 ಎಂದಿರುವ ಅಲಿಜರಿನ್ ಕ್ರಿಮ್ಸನ್ ಹಾಗೂ ಕಣ್ಣು ಕುಕ್ಕುವ ಹೊಳಪಿನ ಗುಲಾಬಿಗಳು ಬಿಸಿಲಿಗೆ ಮಾಸುವಂಥವು. ಸಂಕೇತವನ್ನೇ ಮುದ್ರಿಸದ ಟ್ಯೂಬನ್ನು ಕೊಳ್ಳದಿರುವುದು ಸುಲಭವಾದ ನಿಯಮ.

ನನ್ನ ಟಿಪ್ಪಣಿಗಳಿಂದ ಇಳಿದ ಪಟ್ಟಿ ಹೀಗಿದೆ: ನಿಂಬೆ ಹಳದಿ (ಪಿವೈ 3), ಯೆಲ್ಲೊ ಓಕರ್ (ಪಿವೈ 42 ಅಥವಾ 43), ಬರ್ನ್ಟ್ ಸಿಯೆನ್ನಾ (ಪಿಬಿಆರ್ 7), ಕಡುಕೆಂಪಿಗೆ ಪೈರೋಲ್ ಸ್ಕಾರ್ಲೆಟ್ (ಪಿಆರ್ 255), ಗುಲಾಬಿಗೆ ಕ್ವಿನಾಕ್ರಿಡೋನ್ ರೋಸ್ (ಪಿವಿ 19), ಅಲ್ಟ್ರಾಮರೀನ್ (ಪಿಬಿ 29), ಥ್ಯಾಲೋ ಬ್ಲೂ (ಪಿಬಿ 15). ಕಪ್ಪೂ ಇಲ್ಲ, ಬಿಳಿಯೂ ಇಲ್ಲ, ಸಿದ್ಧ ಹಸಿರೂ ಇಲ್ಲ. ಕ್ಯಾಮ್ಲಿನ್‌ನ ಆರ್ಟಿಸ್ಟ್ ದರ್ಜೆಯಾಗಲಿ, ವಿನ್ಸರ್ ಅಂಡ್ ನ್ಯೂಟನ್‌ನ ವಿದ್ಯಾರ್ಥಿ ದರ್ಜೆಯಾದ ಕಾಟ್‌ಮನ್ ಆಗಲಿ, ಸಣ್ಣ ಟ್ಯೂಬುಗಳನ್ನು ಬಿಡಿಬಿಡಿಯಾಗಿ ಕೊಂಡರೆ ಪೆಟ್ಟಿಗೆಯಲ್ಲಿ ಬರುವ ಬೇಡದ ಬಣ್ಣಗಳ ದುಡ್ಡು ಉಳಿಯುತ್ತದೆ.

ಈ ಏಳರಿಂದ ನಮ್ಮ ನೆಲ ಹೇಗೆ ಹುಟ್ಟುತ್ತದೆಂಬುದನ್ನು ಮನೆಯಲ್ಲಿಯೇ ಒಂದು ಹಾಳೆಯ ಮೇಲೆ ಪಟ್ಟಿ ಮಾಡಿಕೊಳ್ಳಿ. ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ ಸೇರಿದರೆ ಬಂಡೆಯ ಬೂದು. ನೀಲಿ ಹೆಚ್ಚಾದರೆ ತಂಪು ನೆರಳು, ಸಿಯೆನ್ನಾ ಹೆಚ್ಚಾದರೆ ಬಿಸಿಲು ಬಿದ್ದ ಬದಿ, ನೀರು ಕಡಿಮೆ ಮಾಡಿದರೆ ಮಳೆನೀರಿನ ಕರಿಗೀರು. ಅಲ್ಟ್ರಾಮರೀನಿನ ಕಣಗಳು ಕಾಗದದ ತಗ್ಗಿನಲ್ಲಿ ತಂಗುವ ಸ್ವಭಾವದವು, ಆದ್ದರಿಂದ ಈ ಬೂದು ಒಣಗಿದಾಗ ಕಲ್ಲಿನಂತೆಯೇ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. ಅಂಗಡಿಯ ಸಿದ್ಧ ಬೂದಿನಲ್ಲಿ ಈ ಗುಣವಿಲ್ಲ. ಕೆಮ್ಮಣ್ಣಿಗೆ ಬರ್ನ್ಟ್ ಸಿಯೆನ್ನಾ ಜೊತೆ ಗುಲಾಬಿಯ ಒಂದು ಸುಳಿವು, ಅದರ ಮೇಲಿನ ನೆರಳಿಗೆ ಮತ್ತಷ್ಟು ಅಲ್ಟ್ರಾಮರೀನ್. ಹೊಂಗೆಯ ಚಿಗುರಿಗೆ ನಿಂಬೆ ಹಳದಿಯಲ್ಲಿ ಥ್ಯಾಲೋದ ಸೂಜಿಮೊನೆಯಷ್ಟು. ಥ್ಯಾಲೋ ಬಹಳ ಬಲವಾದದ್ದು, ಸ್ವಲ್ಪ ಹೆಚ್ಚಾದರೆ ಪ್ಲಾಸ್ಟಿಕ್ ಎಲೆಯಾಗುತ್ತದೆ. ಬಲಿತ ಹೊಂಗೆಗೆ, ಹುಣಸೆಗೆ ಅಲ್ಟ್ರಾಮರೀನ್, ಹಳದಿ, ಚಿಟಿಕೆ ಸಿಯೆನ್ನಾ. ಏಪ್ರಿಲಿನ ಆಕಾಶವನ್ನು ನೀಲಿಯೆಂದು ನಂಬಬೇಡಿ: ನೆತ್ತಿಯ ಮೇಲೆ ಬಹಳ ತೆಳುವಾದ ನೀಲಿ, ಬೆಟ್ಟದ ಅಂಚಿಗೆ ಬರುವಷ್ಟರಲ್ಲಿ ಓಕರ್ ಬೆರೆತ ಬಿಳಿ ದೂಳು.

ಬಣ್ಣ ಉಳಿಯುತ್ತದೋ ಇಲ್ಲವೋ ಎಂಬ ಪರೀಕ್ಷೆಗೆ ನಮ್ಮ ಬಿಸಿಲೇ ಪ್ರಯೋಗಶಾಲೆ. ಏಳು ಬಣ್ಣಗಳ ಪಟ್ಟಿ ಬಳಿದು, ಅರ್ಧ ಭಾಗವನ್ನು ಕಪ್ಪು ಕಾಗದದಿಂದ ಮುಚ್ಚಿ, ಮಾರ್ಚಿನಿಂದ ಮೇವರೆಗೆ ಬಿಸಿಲು ಬೀಳುವ ಕಿಟಕಿಗೆ ಅಂಟಿಸಿಡಿ.

ಎಂಟನೆಯ ಬಣ್ಣ ಹೊಲದ ಬದುವಿನಿಂದ

ದೇವಸ್ಥಾನದ ಗೋಡೆಗಳ ಸುಣ್ಣ, ಕೆಮ್ಮಣ್ಣಿನ ಪಟ್ಟೆಗಳನ್ನು ನೋಡಿದವರಿಗೆ ನೆಲದ ಮಣ್ಣೇ ಬಣ್ಣವೆಂಬುದು ಹೊಸ ಸಂಗತಿಯಲ್ಲ. ಅದರ ಕೆಂಪು ಕಬ್ಬಿಣದ ಆಕ್ಸೈಡಿನದು, ಬಿಸಿಲಿಗೆ ಮಾಸುವುದಿಲ್ಲ. ಅರಿಸಿನ, ಬೀಟ್‌ರೂಟ್, ದಾಸವಾಳಗಳಿಂದ ಮಾಡಿದ ಬಣ್ಣಕ್ಕೆ ಈ ಬಾಳಿಕೆ ಇಲ್ಲ. ಅವು ಮಕ್ಕಳ ಆಟಕ್ಕೆ ಸರಿ.

ಗೊಬ್ಬರ ಬೀಳದ ಬದುವಿನಿಂದ, ಹೊಲದವರನ್ನು ಕೇಳಿ, ಎರಡು ಹಿಡಿ ಕೆಂಪುಮಣ್ಣು ತನ್ನಿ. ಗಣಿ ದಿಬ್ಬದ, ಕಾರ್ಖಾನೆಯ ಪಕ್ಕದ ಮಣ್ಣನ್ನು ಮುಟ್ಟಬೇಡಿ. ಕಲ್ಲು, ಬೇರು ಆರಿಸಿ ಒಂದು ಚೊಂಬು ನೀರಿನಲ್ಲಿ ಚೆನ್ನಾಗಿ ಕಲಕಿ, ಅರ್ಧ ನಿಮಿಷ ಬಿಟ್ಟು, ಮರಳು ತಳ ಹಿಡಿದ ಮೇಲೆ ಮೇಲಿನ ಕೆಂಪು ನೀರನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿ. ಹೀಗೆ ಮೂರು ಸಲ ಮಾಡಿ ಒಂದು ದಿನ ಅಲುಗಾಡಿಸದೆ ಇಟ್ಟರೆ ತಳದಲ್ಲಿ ಗಂಧದಷ್ಟು ನಯವಾದ ಕೆಸರು ಸಿಗುತ್ತದೆ. ನೀರು ಚೆಲ್ಲಿ, ನೆರಳಲ್ಲಿ ಒಣಗಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಪುಡಿಮಾಡಿ.

ಅಂಟಿಗೆ ಒಂದು ಭಾಗ ಗಮ್ ಅರೇಬಿಕ್ ಗೋಂದಿನ ಪುಡಿಯನ್ನು ಎರಡು ಭಾಗ ಬಿಸಿನೀರಿನಲ್ಲಿ ರಾತ್ರಿ ನೆನೆಸಿ ಸೋಸಿ. ಗೋಂದಿನ ಕಾಲು ಭಾಗದಷ್ಟು ಜೇನುತುಪ್ಪ, ಬೂಸ್ಟು ಹಿಡಿಯದಂತೆ ಒಂದು ಹನಿ ಲವಂಗದ ಎಣ್ಣೆ ಸೇರಿಸಿ. ಗಾಜಿನ ಹಲಗೆಯ ಮೇಲೆ ಪುಡಿಯನ್ನೂ ಅಂಟನ್ನೂ ಹೆಚ್ಚುಕಡಿಮೆ ಸಮವಾಗಿ ಹಾಕಿ, ಚಪ್ಪಟೆ ತಳದ ಗಾಜಿನ ಲೋಟದಿಂದ ಕರಕರ ಸದ್ದು ನಿಲ್ಲುವವರೆಗೆ ಅರೆಯಿರಿ. ಹಚ್ಚಿ ಒಣಗಿದ ಮೇಲೆ ಬೆರಳಿಗೆ ಪುಡಿ ಹತ್ತಿದರೆ ಗೋಂದು ಸಾಲದು. ಮೆರುಗು ಬಂದು ಬಿರಿದರೆ ಗೋಂದು ಹೆಚ್ಚು, ಜೇನು ಕಡಿಮೆ. ಮೊದಲ ಸಲ ಯಾರಿಗೂ ಸರಿಹೋಗುವುದಿಲ್ಲ. ಆದರೆ ನಂದಿಯ ಹೊಲವನ್ನು ಅದೇ ಹೊಲದ ಮಣ್ಣಿನಲ್ಲಿ ಬರೆಯುವ ಖುಷಿಗೆ ಒಂದು ಭಾನುವಾರ ಕೊಡಬಹುದು.

ಕುಂಚ, ನೀರು, ಚಿಲ್ಲರೆ

ಮೂರು ಕುಂಚ ಸಾಕು: ಆಕಾಶಕ್ಕೆ ಒಂದು ಇಂಚಿನ ಚಪ್ಪಟೆ, ಬಹುಪಾಲು ಕೆಲಸಕ್ಕೆ 10 ಅಥವಾ 12ರ ದುಂಡು, ಕೊಂಬೆ, ಗೆರೆಗಳಿಗೆ 4ರ ದುಂಡು. ದುಂಡು ಕುಂಚವನ್ನು ಅಂಗಡಿಯಲ್ಲೇ ನೀರಿಗೆ ಅದ್ದಿ ಒಮ್ಮೆ ಕೊಡವಿ. ಮೊನೆ ತಾನಾಗಿ ಕೂಡಬೇಕು. ಸಿಂಥೆಟಿಕ್ ಕುಂಚಗಳು ಈಗ ಸಾಕಷ್ಟು ಚೆನ್ನಾಗಿವೆ. ಮುಂಗುಸಿ ಕೂದಲಿನದೆಂದು ಯಾರಾದರೂ ಹೊಗಳಿ ಕೊಡಲು ಬಂದರೆ ಬೇಡವೆನ್ನಿ. ಮುಂಗುಸಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ, ಅದರ ಕೂದಲಿನ ಕುಂಚದ ವ್ಯಾಪಾರ ಅಪರಾಧ.

ನೀರಿನ ಬಗ್ಗೆ ಪುಸ್ತಕಗಳು ಹೆಚ್ಚು ಹೇಳುವುದಿಲ್ಲ, ನಮ್ಮ ಜಿಲ್ಲೆಗಳಲ್ಲಿ ಹೇಳಲೇಬೇಕು. ಸ್ನಾನದ ಹಂಡೆಯಲ್ಲಿ ಬಿಳಿಯ ಪದರ ಕಟ್ಟಿಸುವ ನಮ್ಮ ಆಳದ ಕೊಳವೆಬಾವಿಯ ಗಡಸು ನೀರಿನಲ್ಲಿ ಕೆಲವು ಬಣ್ಣಗಳು ಒಡೆದ ಹಾಲಿನಂತೆ ಕಣಕಣವಾಗಿ ಕೂಡಿಕೊಳ್ಳುತ್ತವೆ, ಸಮನಾದ ಲೇಪ ಬರುವುದಿಲ್ಲ. ಬಂಡೆಗೆ ಅದು ವರವೇ ಆದೀತು, ಆಕಾಶಕ್ಕೆ ಶಾಪ. ಶುದ್ಧ ನೀರಿನ ಘಟಕದ ನೀರನ್ನೋ ಹಿಡಿದಿಟ್ಟ ಮಳೆನೀರನ್ನೋ ಎರಡು ಬಾಟಲಿ ಕೊಂಡೊಯ್ಯಿರಿ. ಕೆರೆಯ ದಡದಲ್ಲಿ ಕುಳಿತಿದ್ದರೂ ಕೆರೆಯ ನೀರನ್ನು ಬಳಸಬೇಡಿ. ಬೆಂಗಳೂರಿನಿಂದ ಸಂಸ್ಕರಿಸಿದ ನೀರು ಹರಿಯುವ ಕೆರೆಗಳಲ್ಲಂತೂ ಕೈ ಅದ್ದುವುದೂ ಬೇಡ.

ಉಳಿದದ್ದೆಲ್ಲ ಮನೆಯಲ್ಲಿದೆ. ಬಿಳಿಯ ಪಿಂಗಾಣಿ ತಟ್ಟೆ, ಮಕ್ಕಳ ಪರೀಕ್ಷೆಯ ರಟ್ಟು, ಹಳೆಯ ಬನಿಯನ್ ಬಟ್ಟೆ, ತೊಳೆಯಲು ಒಂದು ಮತ್ತು ಶುಭ್ರ ನೀರಿಗೆ ಒಂದು ಎಂದು ಎರಡು ಡಬ್ಬಿ, ಸಣ್ಣ ಸ್ಪ್ರೇ ಬಾಟಲಿ, ಕಾಗದದ ಅಂಚಿಗೆ ಮಾಸ್ಕಿಂಗ್ ಟೇಪು, ಮೇಣದಬತ್ತಿಯ ಒಂದು ತುಂಡು. ಕೆರೆಯ ನೀರಿನ ಮಿನುಗು ಬೇಕಾದ ಕಡೆ ಮೇಣದಬತ್ತಿಯಿಂದ ಗೀರಿದರೆ ಅಲ್ಲಿ ಬಣ್ಣ ಹತ್ತುವುದಿಲ್ಲ.

ಮೊದಲ ಸಲ ಹೊರಗೆ ಹೊರಟಾಗ

ಟಿಪ್ಪಣಿ ಪುಸ್ತಕದಲ್ಲಿ ನಿಮಗೆ ಅತ್ಯಂತ ಸರಳವೆನಿಸಿದ ಪುಟವನ್ನು ಆರಿಸಿ, ಅದೇ ಗಂಟೆಗೆ, ಅದೇ ಜಾಗಕ್ಕೆ ಹೋಗಿ. ಕಾಗದವನ್ನು ನೆರಳಿನಲ್ಲಿಟ್ಟು ಕುಳಿತುಕೊಳ್ಳಿ. ಬಿಸಿಲಿಗೆ ಹಿಡಿದ ಬಿಳಿ ಹಾಳೆ ಕಣ್ಣು ಕುಕ್ಕುತ್ತದೆ, ಕುಕ್ಕುವ ಹಾಳೆಯ ಮೇಲೆ ಎಲ್ಲವನ್ನೂ ಅಗತ್ಯಕ್ಕಿಂತ ಗಾಢವಾಗಿ ಬರೆದು ಮನೆಗೆ ಬಂದು ಪೆಚ್ಚಾಗುತ್ತೇವೆ.

ಮಾರ್ಚಿನ ಒಣಗಾಳಿಯಲ್ಲಿ ಆಕಾಶದ ಲೇಪ ಒಂದು ತುದಿಯಿಂದ ಇನ್ನೊಂದು ತುದಿಗೆ ತಲುಪುವಷ್ಟರಲ್ಲಿ ಹಿಂದಿನದು ಒಣಗಿ ಗೆರೆ ಬೀಳುತ್ತದೆ. ತೇವಭರಿತ ನಾಡುಗಳವರು ಬರೆದ ಪಾಠಗಳಲ್ಲಿ ‘ಐದು ನಿಮಿಷ ಕಾಯಿರಿ’ ಎಂದಿದ್ದರೆ ನಮಗೆ ಅದು ಒಂದೇ ನಿಮಿಷ. ಇದಕ್ಕೆ ಪರಿಹಾರವಾಗಿ ಕಾಗದದ ಎರಡೂ ಬದಿಯನ್ನು ಧಾರಾಳವಾಗಿ ಒದ್ದೆ ಮಾಡಿ, ನೀರು ಹೀರದ ಅಕ್ರಿಲಿಕ್ ಹಾಳೆಯ ಮೇಲೆ ಮಲಗಿಸಿ. ಹಿಂಬದಿಯ ತೇವ ಮುಂಬದಿಯನ್ನು ಹೆಚ್ಚು ಹೊತ್ತು ಹಸಿಯಾಗಿಡುತ್ತದೆ. ಬಣ್ಣವನ್ನು ಬೇಕೆನಿಸಿದ್ದಕ್ಕಿಂತ ದುಪ್ಪಟ್ಟು ಮೊದಲೇ ಕಲಸಿಟ್ಟುಕೊಳ್ಳಿ, ಏಕೆಂದರೆ ನಡುವೆ ನಿಲ್ಲಿಸಿ ಮತ್ತೆ ಕಲಸಲು ಗಾಳಿ ಬಿಡುವುದಿಲ್ಲ. ಒಣಗಿದ ಮೇಲೆ ಜಲವರ್ಣ ಒಂದು ಛಾಯೆ ತಿಳಿಯಾಗುವುದರಿಂದ, ಒದ್ದೆಯಿರುವಾಗ ‘ಸ್ವಲ್ಪ ಹೆಚ್ಚಾಯಿತು’ ಎನಿಸಿದ್ದು ಬಹುತೇಕ ಸರಿಯಾಗಿಯೇ ಇರುತ್ತದೆ.

ಮುಗಿಸಿದ ಮೇಲೆ ಕುಂಚವನ್ನು ಸಾಬೂನಿನ ನೊರೆಯಲ್ಲಿ ಅಂಗೈ ಮೇಲೆ ತಿರುಗಿಸಿ ತೊಳೆದು, ಮೊನೆ ಕೂಡಿಸಿ, ಮಲಗಿಸಿ ಒಣಗಿಸಿ. ನಿಲ್ಲಿಸಿದರೆ ನೀರು ಲೋಹದ ಕೊಳವೆಯೊಳಕ್ಕೆ ಇಳಿದು ಅಂಟು ಬಿಡುತ್ತದೆ. ತಟ್ಟೆಯ ಮೇಲೆ ಉಳಿದ ಬಣ್ಣವನ್ನು ತೊಳೆಯಬೇಡಿ, ಮರುದಿನ ಎರಡು ಹನಿ ನೀರಿಗೆ ಅದು ಮತ್ತೆ ಜೀವ ಪಡೆಯುತ್ತದೆ. ಚಿತ್ರದ ಹಿಂಬದಿಯಲ್ಲಿ ದಿನಾಂಕ, ಗಂಟೆ, ಊರು ಮತ್ತು ಬಳಸಿದ ಬಣ್ಣಗಳ ಸಂಕೇತಗಳನ್ನು ಪೆನ್ಸಿಲಿನಲ್ಲಿ ಬರೆದಿಡಿ.